ಮಾಬೂಬಿ ಕುಡಿಸಿದ ಹಾಲು

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಜಮಾಲಸಾಬರ ಮನೆಯಲ್ಲಿ ಮಾಬೂಬಿ ಹದಿನೆಂಟು ವರ್ಷ ದುಡಿದಳು. ಅಷ್ಟು ವರ್ಷಗಳಲ್ಲಿ ಆ ಮನೆಯವರು ಆಕೆಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಸಿದ್ದಿ’ ಎಂದರೆ ಸಾಕಾಗುತ್ತಿತ್ತು. ಊರಿನಲ್ಲಿ ಇನ್ನೊಬ್ಬ ಸಿದ್ದಿ ಹೆಂಗಸು ಇರಲಿಲ್ಲವಾದ್ದರಿಂದ ಗೊಂದಲಕ್ಕೂ ಎಡೆಯಿರಲಿಲ್ಲ.

ಆಕೆಯ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಎಂದು ತಿಳಿದವರು ಹೇಳುತ್ತಾರೆ. ಮಾಬೂಬಿಗೆ ಇದು ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಹಾನಗಲ್ಲಿನ ಆಚೆ, ಮುಂಡಗೋಡದ ಕಡೆಯ ಕಾಡಂಚಿನ ತನ್ನವರ ಗುಡಿಸಲುಗಳ ಸಾಲು, ಮತ್ತು ತನ್ನ ಮೈಬಣ್ಣ ಹಾಗೂ ಗುಂಗುರುಗೂದಲು ಕಂಡಲ್ಲಿ ಜನ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ ಎಂಬುದು.

ಜಮಾಲಸಾಬರ ಮನೆಯವರು ತಮ್ಮೊಳಗೆ ಉರ್ದು ಆಡುತ್ತಿದ್ದರು. ಮಾಬೂಬಿಗೂ ಉರ್ದು ಬರುತ್ತಿತ್ತು. ಆದರೆ ಆಕೆಯೊಡನೆ ಮಾತ್ರ ಕನ್ನಡವನ್ನೇ ಆಡಿದರು. ಆಕೆಯೂ ಐದು ಹೊತ್ತು ನಮಾಜು ಮಾಡುವವಳು, ರಂಜಾನಿನ ರೋಜಾ ಹಿಡಿಯುವವಳು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಬರುತ್ತಿದ್ದದ್ದು ಊಟಕ್ಕೆ. ಮದುವೆಮನೆಗಳಲ್ಲಿ ನಾಲ್ವರಿಗೊಂದು ದೊಡ್ಡ ತಾಟು ಇಡುತ್ತಾರೆ. ನಾಲ್ವರು ಕೂಡುವ ತನಕ ಬಡಿಸುವುದಿಲ್ಲ. ಮಾಬೂಬಿ ಕುಳಿತ ತಾಟಿಗೆ ಉಳಿದ ಮೂವರು ಬರುತ್ತಿರಲಿಲ್ಲ. ಏಳು ಎಂದು ಯಾರೂ ಅನ್ನಲಿಲ್ಲ. ಪಕ್ಕದ ತಾಟುಗಳು ತುಂಬಿ, ಖಾಲಿಯಾಗಿ, ತೊಳೆದು ಮತ್ತೆ ಬರುತ್ತಿದ್ದವು. ಒಂದೆರಡು ಮದುವೆಗಳ ನಂತರ ಆಕೆಯೇ ಒಲೆಯ ಪಕ್ಕದಲ್ಲಿ ಬಟ್ಟಲು ಹಿಡಿದು ಕೂರತೊಡಗಿದಳು. “ಸಿದ್ದಿಗೆ ಒಲೀ ಮಗ್ಗಲಾ ಬೆಚ್ಚಗ ಆಗತೈತಿ,” ಎಂದು ಹೆಂಗಸರು ನಕ್ಕರು. ಆಕೆಯೂ ನಕ್ಕಳು.

ಎಲೆತೋಟದ ಕೆಲಸಕ್ಕೆ ಬರುತ್ತಿದ್ದ ತಿಪ್ಪವ್ವ ಊರ ಹೊರಗಿನ ಕೇರಿಯವಳು. ಮಾಬೂಬಿಯ ಗುಡಿಸಲು ಆ ಕೇರಿಗೆ ಹತ್ತಿಕೊಂಡಿತ್ತು. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆಯುತ್ತಿದ್ದರು. “ನಿಂದ ಪಾಡು ನೋಡಬೇ,” ಎನ್ನುತ್ತಿದ್ದಳು ತಿಪ್ಪವ್ವ. “ನಮ್ಮನ್ನ ಯಾವ ಪೈಕಿ ಅಂತ ಕೇಳಿ ದೂರ ನಿಂದ್ರಸ್ತಾರ. ನಿನಗ ಆ ತ್ರಾಸ ಇಲ್ಲ. ಫರ್ಲಾಂಗ ಮ್ಯಾಲಿಂದನ ಕಾಣ್ತಿ.”

ಇಂಥವಳು ಆ ಮನೆಗೆ ಬಂದದ್ದು ಕಸಮುಸುರೆಗಲ್ಲ. ಜಮಾಲಸಾಬರ ಹೆಂಡತಿ ರಹಿಮಾಬಿಗೆ ಮಗಳು ಮಾಸೂಮಾ ಹುಟ್ಟಿದಾಗ ಮೊಲೆಬಾವು ಬಂದು ಹಾಲು ನಿಂತಿತು. ಅದೇ ವಾರ ಮಾಬೂಬಿಯ ಹೆಣ್ಣುಕೂಸು ತೀರಿಕೊಂಡಿತ್ತು. ಸೂಲಗಿತ್ತಿ ಆಕೆಯನ್ನು ಹಿತ್ತಲಬಾಗಿಲಿನಿಂದ ಒಳಗೆ ಕರೆತಂದಳು. ಎರಡು ವರ್ಷ ಮಾಸೂಮಾ ಮಾಬೂಬಿಯ ಹಾಲು ಕುಡಿದಳು. ಕುಡಿಸುವಾಗ ಕೋಣೆಯ ಕದ ಮುಚ್ಚಿರಬೇಕು. ನೆರೆಯವರಿಗೆ ಆಕೆ ಬಟ್ಟೆ ಒಗೆಯುವವಳು. ರಹಿಮಾಬಿ ದಿನಾ ಬೆಳಗ್ಗೆ ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು ಕಿವಿಯ ಅಂಚು ನೋಡುತ್ತಿದ್ದಳು. ಹುಟ್ಟಿದ ಕೂಸು ಮುಂದೆ ಎಷ್ಟು ಕಪ್ಪಾಗುವುದೆಂದು ಅಲ್ಲಿ ತಿಳಿಯುತ್ತದೆ ಎಂದು ನಂಬಿಕೆ. ಕಿವಿಯ ಅಂಚು ಕಪ್ಪಾಗಲಿಲ್ಲ. ಹಾಲು ಬಿಡಿಸಿದ ಮೇಲೆ ಮಾಬೂಬಿ ನಿಜವಾಗಿಯೂ ಬಟ್ಟೆ ಒಗೆಯುವವಳಾದಳು. ಗಂಡ ಒಂದು ಮಳೆಗಾಲ ಜ್ವರದಲ್ಲಿ ಸತ್ತ. ಬೇರೆಲ್ಲಿಗೆ ಹೋಗಬೇಕೆಂದು ಯೋಚಿಸಲು ಆಕೆಗೆ ಕಾರಣವೂ ಉಳಿಯಲಿಲ್ಲ.

ಅರವತ್ಮೂರರ ಚಳಿಗಾಲದಲ್ಲಿ ಹಾನಗಲ್ಲಿನಿಂದ ಮಾಸೂಮಾಳನ್ನು ನೋಡಲು ಬಂದರು. ಹುಡುಗ ದಿಲಾವರ, ಬಟ್ಟೆ ಅಂಗಡಿಯವರ ಒಬ್ಬನೇ ಮಗ. ಅವನ ತಾಯಿ ಹಜರಾಬಿ ನಡುಮನೆಯಲ್ಲಿ ಗಾದಿಯ ಮೇಲೆ ಕೂತಿದ್ದಳು. ಮಾಬೂಬಿ ಶರಬತ್ತಿನ ತಟ್ಟೆ ಹಿಡಿದು ಮುಂದೆ ನಿಂತಾಗ ಹಜರಾಬಿ ಲೋಟ ತೆಗೆದುಕೊಳ್ಳಲು ಕೈ ಚಾಚಿದಳು, ಮುಖ ನೋಡಿದಳು, ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು, “ಗಂಟಲು ಸರಿ ಇಲ್ಲ, ಬ್ಯಾಡ,” ಎಂದಳು. ಮಾಬೂಬಿಗೂ ಗುರುತು ಹತ್ತಿತು.

ಸವಣೂರಿಗೆ ಬರುವ ಮೊದಲು ಮಾಬೂಬಿಯ ಗಂಡ ಬಂಕಾಪುರದಲ್ಲಿ ಕಟ್ಟಿಗೆಯ ಗಾಡಿ ಹೊಡೆಯುತ್ತಿದ್ದ. ಅಲ್ಲಿ ಆಕೆಯ ಚೊಚ್ಚಲ ಗಂಡುಮಗು ಮೂರು ತಿಂಗಳಿಗೆ ಹೋಯಿತು. ಓಣಿಯ ಆ ತುದಿಯಲ್ಲಿ ಆಗ ಹಜರಾಬಿಯ ಮನೆ. ಆಕೆ ಬಾಣಂತಿಜ್ವರದಲ್ಲಿ ಎಚ್ಚರ ತಪ್ಪಿದ್ದಳು. ಕೂಸು ಹಸಿದು ಕಿರುಚುತ್ತಿತ್ತು. ಆ ಕೂಸೇ ದಿಲಾವರ. ಅವನೂ ಮುಚ್ಚಿದ ಕದದ ಹಿಂದೆ ಸುಮಾರು ಎಂಟು ತಿಂಗಳು ಮಾಬೂಬಿಯ ಹಾಲು ಕುಡಿದ. ಬಳಿಕ ಅವರು ಹಾನಗಲ್ಲಿಗೆ ಹೋದರು. ಹೋಗುವಾಗ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದರು.

ಒಂದೇ ಹೆಂಗಸಿನ ಹಾಲು ಕುಡಿದ ಮಕ್ಕಳು, ಯಾರಿಗೇ ಹುಟ್ಟಿರಲಿ, ಅಣ್ಣ ತಂಗಿಯರು. ಅವರಿಗೆ ನಿಕಾಹ್ ಆಗದು. ಇದು ಆ ಜನರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಧರ್ಮದ ಕಟ್ಟಳೆ. ಗೊತ್ತಿದ್ದೂ ಅಂಥ ಮದುವೆಯಾಗಲು ಬಿಟ್ಟರೆ ಆ ಪಾಪ ಬಿಟ್ಟವರದು. ಹಾಲು ಕುಡಿದದ್ದನ್ನು ಎರಡೂ ಮನೆಗಳು ಬಚ್ಚಿಟ್ಟಿದ್ದವು. ಎರಡನ್ನೂ ಬಲ್ಲವಳು ಒಬ್ಬಳೇ.

ಮರುದಿನ ಮಧ್ಯಾಹ್ನ ರಹಿಮಾಬಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಮಾಬೂಬಿ ಹೋಗಿ ನಿಂತಳು.

“ಅಮ್ಮಾರ, ಈ ಸಂಬಂಧ ಆಗೂದಿಲ್ರಿ.”

“ಯಾಕ? ನೀ ಯಾವಾಗಿಂದ ಖಾಜಿ ಆದಿ?”

“ಆ ಹುಡುಗಗ ನಾ ಹಾಲು ಕುಡಿಸೇನ್ರಿ. ಬಂಕಾಪುರದಾಗ. ಮಾಸೂಮಾನೂ ಕುಡದಾಳ. ಅಣ್ಣ ತಂಗಿ ಆಗ್ತಾರ್ರಿ.”

ರಹಿಮಾಬಿ ಎದ್ದು ಹೋಗಿ ಕದ ಮುಂದಕ್ಕೆ ಮಾಡಿ ಬಂದಳು. ಮೊದಲು ಕೇಳಿದ್ದು, “ಹಜರಾಬಿ ಮುಂದ ನಮ್ಮದು ಹೇಳೀಯೇನು?”

“ಇಲ್ರಿ.”

“ಮತ್ತ್ಯಾರ ಮುಂದರ?”

“ಯಾರ ಮುಂದೂ ಇಲ್ರಿ.”

“ಹಂಗಾರ ಸುಮ್ಕಿರು. ಅವರು ಕುಡದಿಲ್ಲ ಅಂತಾರ. ನಾವೂ ಕುಡದಿಲ್ಲ ಅಂತೇವಿ. ಯಾರೂ ಕುಡದಿಲ್ಲಂದಮ್ಯಾಲ ಅಣ್ಣ ಎಲ್ಲಿಂದ ಬಂದ, ತಂಗಿ ಎಲ್ಲಿಂದ ಬಂದ್ಲು?”

“ನಾ ಕುಡಿಸೇನಲ್ರಿ,” ಎಂದಳು ಮಾಬೂಬಿ.

ರಹಿಮಾಬಿ ಮತ್ತೆ ಅಕ್ಕಿ ಆರಿಸತೊಡಗಿದಳು.

ಶುಕ್ರವಾರ ಮಾಬೂಬಿ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೋದಳು. ಹಜರಾಬಿ ಹಿತ್ತಲಲ್ಲಿ ನಿಲ್ಲಿಸಿಯೇ ಮಾತಾಡಿದಳು. ಮಾಸೂಮಾಳ ಹೆಸರೆತ್ತಲು ಬಿಡಲೇ ಇಲ್ಲ. “ನನ್ನ ಮಗ ಆಕಳ ಹಾಲು ಕುಡದು ಬೆಳದಾನ. ಕಪಿಲಿ ಆಕಳ. ಬಂಕಾಪುರದಾಗ ಯಾರನ್ನರ ಕೇಳು.”

“ಆಕಳ ಎಲ್ಲಿತ್ರಿ ನಿಮ್ಮ ಮನ್ಯಾಗ?”

“ಇತ್ತು. ನೀ ನೋಡಿಲ್ಲ.”

ಅಷ್ಟರಲ್ಲಿ ದಿಲಾವರ ಸೈಕಲ್ಲು ತಳ್ಳಿಕೊಂಡು ಒಳಗೆ ಬಂದ. ಎತ್ತರದ ಹುಡುಗ, ಮೀಸೆ ಆಗಷ್ಟೇ ದಟ್ಟವಾಗಿತ್ತು. ಮಾಬೂಬಿಯ ಮುಂದೆ ಮಾತು ನಿಲ್ಲಿಸಿ ನಿಂತ. “ಯಾರಿಕಿ ಅಮ್ಮಾ, ಹಬಶಿ?”

“ಬೇಡಾಕ ಬಂದಾಳ.”

“ಪಾಪ, ಏನರ ತಿನ್ನಾಕ ಕೊಟ್ಟು ಕಳಸು,” ಎಂದು ಆತ ಒಳಗೆ ಹೋದ. ಗುಣ ಒಳ್ಳೆಯದಿತ್ತು. ಹಜರಾಬಿ ಎರಡು ರೊಟ್ಟಿಯ ಮೇಲೆ ಉಪ್ಪಿನಕಾಯಿ ಹಾಕಿ, ಮೇಲಿನಿಂದ ಆಕೆಯ ಸೆರಗಿಗೆ ಬಿಟ್ಟಳು. ಮಾಬೂಬಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅದನ್ನು ತಿಂದಳು.

ಉಳಿದವರು ಜಮಾಲಸಾಬರು. ಅವರು ಎಲೆಯ ಕೋಣೆಯಲ್ಲಿ ಕಟ್ಟುಗಳಿಗೆ ನೀರು ಚಿಮುಕಿಸಿ ಹಸಿ ಗೋಣಿ ಹೊದಿಸುತ್ತಿದ್ದರು. ಮಾಬೂಬಿ ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕೆಲಸ ನಿಲ್ಲಿಸದೆ ಕೇಳಿದರು.

“ಖುರಾನ್ ಮುಟ್ಟಿ ಹೇಳ್ತೀಯೇನು?”

“ಹೇಳ್ತೇನ್ರಿ ಸಾವಕಾರ್ರ.”

“ಬ್ಯಾಡ. ಮುಟ್ಟಬ್ಯಾಡ.” ಇನ್ನೊಂದು ಕಟ್ಟಿಗೆ ಗೋಣಿ ಹೊದಿಸಿ, “ಹೋಗು, ಬಟ್ಟಿ ಒಣಗ್ಯಾವೇನ ನೋಡು,” ಎಂದರು.

ವಾರದೊಳಗೆ ಹಾನಗಲ್ಲಿಗೆ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಜಮಾಲಸಾಬರು ದೇವರಿಗೆ ಹೆದರುವವರು. ಪಾಪವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ ನಿಶ್ಚಯದ ಮಾತು ಅಷ್ಟು ದೂರ ಬಂದಮೇಲೆ ಜನಕ್ಕೊಂದು ಕಾರಣ ಬೇಕಿತ್ತು. ಹುಡುಗನಿಗೆ ಮೂರ್ಛೆರೋಗ ಇದೆಯಂತೆ ಎಂದರು. ಸಂತೆಗೆ ಬಂದವರು ಆ ಮಾತನ್ನು ಶಿಗ್ಗಾಂವಿಗೂ ಹಿರೇಕೆರೂರಿಗೂ ಒಯ್ದರು. ಹಾನಗಲ್ಲಿನವರು ಸುಮ್ಮನಿರಲಿಲ್ಲ, ಹುಡುಗಿಯ ಬೆನ್ನಿನ ಮೇಲೆ ತೊನ್ನಿನ ಕಲೆ ಕಂಡು ತಾವೇ ಬಿಟ್ಟೆವು ಎಂದರು. ಮೂರ್ಛೆರೋಗವನ್ನು ಬಾಯಿಬಿಟ್ಟು ಹೇಳಬಹುದಿತ್ತು. ತೊನ್ನನ್ನೂ ಹೇಳಬಹುದಿತ್ತು. ಹಾಲನ್ನು ಹೇಳುವಂತಿರಲಿಲ್ಲ.

ಒಂದು ವರ್ಷ ಎರಡೂ ಮನೆಗಳಿಗೆ ಯಾವ ಸಂಬಂಧವೂ ಬರಲಿಲ್ಲ. ಮಾಸೂಮಾ ಹಿತ್ತಲಿಗೂ ಬರುವುದನ್ನು ಬಿಟ್ಟಳು. ಏಳನೆಯ ಇಯತ್ತೆ ಮುಗಿಸಿದ್ದ ಹುಡುಗಿ. ದಿಲಾವರನ ಫೋಟೋ ಒಮ್ಮೆ ನೋಡಿದ್ದಳು. ಏನಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ಕಸೂತಿಯ ಬಟ್ಟೆ ಮುಂದಿಟ್ಟುಕೊಂಡು ಕೂರುವಳು, ಸೂಜಿ ಚುಚ್ಚುತ್ತಿರಲಿಲ್ಲ.

ಮಾಟದ ಮಾತನ್ನು ಮೊದಲು ಯಾರು ಆಡಿದರೆಂದು ತಿಳಿಯದು. ಹುಡುಗನಿಗೆ ರೋಗವಿಲ್ಲ, ಹುಡುಗಿಗೆ ಕಲೆಯಿಲ್ಲ. ಇಬ್ಬರ ಹೆಸರನ್ನೂ ಕೆಡಿಸಿದ್ದು ಮಾಟ. ಮಾಡಿಸಿದವಳು ಮನೆಯಲ್ಲಿದ್ದ ಸಿದ್ದಿ. ಕಾಡಿನ ಜನ, ಅವರಿಗೆ ಇಂಥದೆಲ್ಲ ಗೊತ್ತಿರುತ್ತದೆ. ಎರಡು ಮನೆಗಳೂ ಒಂದು ವರ್ಷದಲ್ಲಿ ಒಪ್ಪಿದ ಮೊದಲ ಮಾತು ಇದು.

ಒಂದು ಮಧ್ಯಾಹ್ನ ರಹಿಮಾಬಿ ಬುರ್ಖಾ ಹಾಕಿಕೊಂಡು ಮಾಬೂಬಿಯ ಗುಡಿಸಲಿಗೆ ಬಂದಳು. ಹಿಂದೆಂದೂ ಬಂದವಳಲ್ಲ. ಕೂರಲು ಮಾಬೂಬಿ ಮಣೆ ಕೊಟ್ಟಳು. ರಹಿಮಾಬಿ ಕೂರಲಿಲ್ಲ.

“ನಾಳೆ ನಮ್ಮ ಅಂಗಳದಾಗ ಹಿರ್ಯಾರು ಕೂಡ್ತಾರ. ಹಾನಗಲ್ಲಿನವರೂ ಬರ್ತಾರ. ನಿನ್ನ ಕೇಳ್ತಾರ. ಹೂಂ ಅನ್ನು. ಅಷ್ಟ.”

“ನಾ ಏನೂ ಮಾಡಿಲ್ರಲ್ಲಾ ಅಮ್ಮಾರ.”

“ಗೊತ್ತು. ನೀ ಹೂಂ ಅಂದ್ರ ಎಲ್ಲಾ ನಿನ್ನ ಮ್ಯಾಲ ಹೋಗತೈತಿ. ಆ ಹುಡುಗನೂ ಉಳೀತಾನ, ನನ್ನ ಮಗಳೂ ಉಳೀತಾಳ. ಇಬ್ಬರೂ ನಿನ್ನ ಹಾಲು ಕುಡದಾರ ಅಂತೀಯಲಾ. ನಿನ್ನ ಮಕ್ಕಳು ಅಂದಂಗಾತು. ಉಳಸ್ಕೊ.”

ಹದಿನೆಂಟು ವರ್ಷಗಳಲ್ಲಿ ರಹಿಮಾಬಿ ಆ ಮಾತನ್ನು ಒಪ್ಪಿಕೊಂಡದ್ದು ಅಂದು ಒಮ್ಮೆ. ಕೇಳಿಸಿಕೊಳ್ಳಲು ಅಲ್ಲಿ ಮತ್ತಾರೂ ಇರಲಿಲ್ಲ.

“ಆಮ್ಯಾಲ ನಾ ಎಲ್ಲಿಗೆ ಹೋಗ್ಲಿರಿ?”

“ಎಲ್ಲೆರ ಹೋಗು. ನಮ್ಮ ಮನಿಗೆ ಬರಬ್ಯಾಡ.”

ಮರುದಿನ ಅಂಗಳದಲ್ಲಿ ಎರಡೂ ಕಡೆಯ ಹಿರಿಯರು ಚಾಪೆ ಹಾಕಿ ಕೂತರು. ಹೆಂಗಸರು ಪರದೆಯ ಹಿಂದೆ. ಮಾಬೂಬಿ ಬಿಸಿಲಲ್ಲಿ ನಿಂತಳು. ಗಡ್ಡದ ಹಿರಿಯರೊಬ್ಬರು ಕೇಳಿದರು:

“ಈ ಎರಡು ಮನಿಗೆ ಮಾಟ ಮಾಡಿಸಿದಾಕಿ ನೀನ?”

“ಹೂಂ ರಿ.”

ಪರದೆಯ ಹಿಂದೆ ಗುಜುಗುಜು ಎದ್ದು ಅಡಗಿತು.

“ಯಾಕ ಮಾಡ್ಸಿದಿ?”

ಇದಕ್ಕೆ ಏನು ಹೇಳಬೇಕೆಂದು ರಹಿಮಾಬಿ ಹೇಳಿಕೊಟ್ಟಿರಲಿಲ್ಲ. ಮಾಬೂಬಿ ಯೋಚಿಸಿದಳು. ಎದುರಿನ ಸಾಲಿನಲ್ಲಿ ದಿಲಾವರ ಕೂತಿದ್ದ. ಹಿತ್ತಲಲ್ಲಿ ಕಂಡಿದ್ದಕ್ಕಿಂತ ಬಡವಾಗಿದ್ದ. ಜಮಾಲಸಾಬರು ತಲೆ ತಗ್ಗಿಸಿ ಚಾಪೆಯ ಎಳೆಯನ್ನು ಬೆರಳಿನಿಂದ ಬಿಡಿಸುತ್ತಿದ್ದರು.

“ಹೊಟ್ಟಿಕಿಚ್ಚು, ಮತ್ತೇನು,” ಎಂದು ಪರದೆಯ ಹಿಂದಿನಿಂದ ಹಜರಾಬಿಯ ದನಿ ಬಂತು. “ತನ್ನ ಕೂಸುಗಳು ಸತ್ತಾವ. ಮಂದೀ ಮಕ್ಕಳ ಸುಖ ನೋಡಾಕ ಆಗೂದಿಲ್ಲ.”

“ಹೌದೇನು?” ಎಂದರು ಹಿರಿಯರು.

“ಹೌದ್ರಿ,” ಎಂದಳು ಮಾಬೂಬಿ.

ಹಿರಿಯರು ದೊಡ್ಡ ಮನಸ್ಸು ಮಾಡಿದರು. ಹೊಡೆಯಬಾರದು, ಬಯ್ಯಬಾರದು, ಬಾಣಂತಿಯರಿದ್ದ ಮನೆಗೂ ಮದುವೆಮನೆಗೂ ಆಕೆ ಕಾಲಿಡಬಾರದು ಎಂದಷ್ಟೇ ಹೇಳಿ ಎದ್ದರು. ಮಾಬೂಬಿ ಅಂಗಳ ದಾಟುವಾಗ ಪರದೆ ಒಂದು ಬದಿಗೆ ಸರಿಯಿತು. ಮಾಸೂಮಾ ನೋಡುತ್ತಿದ್ದಳು. ನಿಜವಾಗಿಯೂ ಹೆದರಿದ್ದಳು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆ ವರ್ಷವೇ ಮಾಸೂಮಾಳನ್ನು ಹಿರೇಕೆರೂರಿಗೆ ಕೊಟ್ಟರು. ದಿಲಾವರನಿಗೆ ಶಿಗ್ಗಾಂವಿಯ ಹೆಣ್ಣು ಬಂತು. ಎರಡೂ ಒಳ್ಳೆಯ ಮದುವೆಗಳೇ.

ಮಾಬೂಬಿ ದುಂಡಸಿಯ ಕಡೆ ಶೇಂಗಾ ಕೀಳುವ ಕೂಲಿಗೆ ಹೊರಟಳು. ಊರು ಬಿಡುವ ಮುಂಚೆ ಒಂದು ಸಂಜೆ ತಿಪ್ಪವ್ವನ ಕಟ್ಟೆಯ ಮೇಲೆ ಕೂತಿದ್ದಳು. ತಿಪ್ಪವ್ವನ ಮಗಳು ಹೆರಿಗೆಗೆ ಬಂದು ಹಡೆದಿದ್ದಳು. ಕೂಸು ಅಜ್ಜಿಯ ತೊಡೆಯ ಮೇಲೆ ಮಲಗಿತ್ತು. ತಿಪ್ಪವ್ವ ಎಲೆಗೆ ಸುಣ್ಣ ಹಚ್ಚಿ ಮಾಬೂಬಿಗೆ ಕೊಟ್ಟು, ತಾನೂ ಹಾಕಿಕೊಂಡು, ಬಹಳ ಹೊತ್ತು ಜಗಿದಳು.

“ಖರೇ ಹೇಳಬೇ. ನನ್ನ ಮುಂದ ಏನ ಮುಚ್ಚೂದು. ನೀ ಮಾಡ್ಸಿದ್ದೇನು?”

ಇಲ್ಲ ಎಂದರೆ ಮತ್ತೆ ಯಾಕೆ ಒಪ್ಪಿದೆ ಎಂದು ಕೇಳುತ್ತಾಳೆ. ಹೇಳಿದರೆ ಹಾಲಿನ ಮಾತು ಬರುತ್ತದೆ. ತಿಪ್ಪವ್ವನಿಗೆ ಹೇಳಿದ್ದು ನಾಳೆ ಎಲೆತೋಟದಲ್ಲಿ ಎಲ್ಲರ ಬಾಯಲ್ಲಿರುತ್ತದೆ. ಅಲ್ಲಿಂದ ಹಿರೇಕೆರೂರು ದೂರವಲ್ಲ.

“ಹೂಂ,” ಎಂದಳು ಮಾಬೂಬಿ.

ತಿಪ್ಪವ್ವ ಎಲೆ ಜಗಿಯುತ್ತಲೇ, ಕೂಸನ್ನು ಮಾಬೂಬಿಯ ಕಡೆಯ ತೊಡೆಯಿಂದ ಎತ್ತಿ ಆಚೆಯ ತೊಡೆಗೆ ಹಾಕಿಕೊಂಡು, ಸೆರಗು ಮುಚ್ಚಿದಳು.