ಗೋಡೆಯಲ್ಲಿ ಕೆಲಸ ನಿಂತ ಗೆರೆ

ಕಣ್ಣಾರೆ ಕಾಣದ ಕೋಟೆಯೊಂದನ್ನು ಕಲ್ಲು ಕಲ್ಲಾಗಿ ಬಲ್ಲವರೊಬ್ಬರು ನೈರೋಬಿಯಲ್ಲಿದ್ದಾರೆ. ಇದ್ದರಂತೆ ಅಲ್ಲ, ಇದ್ದಾರೆ. ಹೆಸರು ಚಿದಾನಂದ, ಊರು ಚಿತ್ರದುರ್ಗದ ಕಡೆ, ಮನೆ ಅಲ್ಲಿಯ ಸೌತ್ ಬಿ ಬಡಾವಣೆಯಲ್ಲಿ. ನಕ್ಷೆ ಬರೆಯುವ ಕೆಲಸಕ್ಕೆಂದು ಕೀನ್ಯಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಹೆಂಡತಿ ಸುಶೀಲಾ ತೀರಿಕೊಂಡು ನಾಲ್ಕು. ಬೆಳಿಗ್ಗೆ ಅಪ್ಪರ್ ಹಿಲ್‌ನ ಆಫೀಸಿಗೆ ಹೋಗುವಾಗ ಮಟಾಟು ವ್ಯಾನಿನ ಕಂಡಕ್ಟರ್ ‘ಹಬಾರಿ’ ಎಂದು ಕ್ಷೇಮ ಕೇಳುತ್ತಾನೆ. ಕೆಲವು ದಿನ ಅವರನ್ನು ಮಾತಾಡಿಸುವವನು ಅವನೊಬ್ಬನೇ.

ಆಫೀಸಿನಲ್ಲಿ ಅವರದು ವಿಚಿತ್ರ ಕೆಲಸ. ದೂರದ ವೇಲ್ಸ್ ನಾಡಿನ ಕಡಲಂಚಿನಲ್ಲಿ ಏಳುನೂರು ವರ್ಷದ ಕೋಟೆಯೊಂದಿದೆ. ಇಂಗ್ಲೆಂಡಿನ ದೊರೆ ಆ ನಾಡನ್ನು ಗೆದ್ದಮೇಲೆ, ಸೋತವರು ಮತ್ತೆ ತಲೆಯೆತ್ತದಿರಲಿ ಎಂದು ಕಟ್ಟಿಸಿದ್ದು. ಎಂಟು ದುಂಡು ಬುರುಜು, ನಡುವೆ ಎತ್ತಿನ ಗಾಡಿ ಓಡುವಷ್ಟು ದಪ್ಪದ ಗೋಡೆ. ರಿಪೇರಿಗೆ ಮುಂಚೆ ಒಂದೊಂದು ಕಲ್ಲಿನ ನಕ್ಷೆಯೂ ಬೇಕಲ್ಲ? ಅಲ್ಲಿಯವರು ಲೇಸರಿನಲ್ಲಿ ಗೋಡೆಯ ಚಿತ್ರ ಹಿಡಿದು ಕಳಿಸುತ್ತಾರೆ. ಇಲ್ಲಿ ಚಿದಾನಂದ ಪರದೆಯ ಮೇಲೆ ಕಲ್ಲಿನ ಅಂಚು ಹಿಡಿದು ಗೆರೆ ಎಳೆಯುತ್ತಾರೆ. ದಿನಕ್ಕೆ ಮುನ್ನೂರು ಕಲ್ಲು.

ಎಳೆಯುತ್ತ ಎಳೆಯುತ್ತ ಆ ಕಲ್ಲು ಕಟ್ಟಿದವರೇ ಅವರಿಗೆ ಬಳಗವಾದರು. ಬುರುಜಿನ ಮೈಮೇಲೆ ಸಾರುವೆಯ ಮರ ಸಿಕ್ಕಿಸಿದ ತೂತುಗಳು ಹಾಗೇ ಉಳಿದಿವೆ. ಅವು ಬಳ್ಳಿಯಂತೆ ಸುತ್ತಿಕೊಂಡು ಮೇಲೇರುತ್ತವೆ; ಆಳುಗಳು ಕಲ್ಲು ಹೊತ್ತು ಸುತ್ತು ಹಾಕಿ ಹತ್ತಿದ ಇಳಿಜಾರು ದಾರಿಯ ಗುರುತು. ಇಲ್ಲೊಬ್ಬ ಸಂದಿಗೆ ಚಕ್ಕೆ ತುಂಬುವುದರಲ್ಲಿ ಸೋಮಾರಿ, ಅಲ್ಲೊಬ್ಬ ಕಲ್ಲನ್ನು ಮಟ್ಟಸ ಕೂರಿಸದೆ ಏಳುವವನಲ್ಲ. ಒಬ್ಬೊಬ್ಬರ ಕೈಯೂ ಗೊತ್ತಾಗುತ್ತಿತ್ತು.

ಮೊದಲ ಬುರುಜಿನಲ್ಲಿ ಮೂರಾಳೆತ್ತರದ ಹತ್ತಿರ ಅವರ ಕೈ ನಿಂತಿತು. ಅಲ್ಲಿಯವರೆಗೆ ಉದ್ದುದ್ದ ಕಲ್ಲು, ಅಲ್ಲಿಂದ ಮೇಲೆ ಗಿಡ್ಡ ಕಲ್ಲು. ತೂತಿನ ಸಾಲೂ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಚಿದಾನಂದ ಅಡ್ಡಕ್ಕೆ ಒಂದು ಕೆಂಪು ಗೆರೆ ಎಳೆದು, ಇಲ್ಲಿ ಕೆಲಸ ನಿಂತಿತ್ತು ಎಂದು ಬರೆದರು.

ಆಫೀಸಿನ ಯಜಮಾನ ಮಂಗಳೂರಿನ ರಾಯ್ಸ್ಟನ್. ಕಲ್ಲನ್ನು ತಾನೇ ಗುರುತಿಸುವ ಸಾಫ್ಟ್‌ವೇರ್ ಒಂದನ್ನು ಅದೇ ತಿಂಗಳು ತರಿಸಿದ್ದ. ಅದು ಇಡೀ ಬುರುಜನ್ನು ನಾಲ್ಕು ನಿಮಿಷದಲ್ಲಿ ಬರೆದು ಮುಗಿಸಿತು. ಕೆಂಪು ಗೆರೆ ಅದರಲ್ಲಿರಲಿಲ್ಲ.

“ಎಂತ ಮಾರಾಯ್ರೆ ಇದು? ಕಂಪ್ಯೂಟರಿಗೆ ಕಾಣದ್ದು ನಿಮಗೆ ಮಾತ್ರ ಹೇಗೆ ಕಾಣುದು? ಕಣ್ಣು ಟೆಸ್ಟ್ ಮಾಡಿಸಿ ಎಷ್ಟು ವರ್ಷ ಆಯ್ತು?”

“ಗೆರೆ ನಂದಲ್ಲ ಸಾರ್. ಅವರು ಬಿಟ್ಟು ಹೋಗಿದ್ದು.”

ಗೆರೆ ಅಳಿಸಿಬಿಡಿ ಎಂದ ರಾಯ್ಸ್ಟನ್. ಸೋಮವಾರದಿಂದ ಕೋಟೆ ಸಾಫ್ಟ್‌ವೇರಿಗೆ, ನೀವು ಅಪಾರ್ಟ್‌ಮೆಂಟಿನ ಬಚ್ಚಲುಮನೆ ಟೈಲ್ಸ್ ನೋಡಿಕೊಳ್ಳಿ ಎಂದೂ ಹೇಳಿದ.

ಟೈಲ್ಸಿಗೆ ಯಾರ ಕೈಯ ಗುರುತೂ ಇರುವುದಿಲ್ಲ. ಚಿದಾನಂದ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ಅವರ ಅಪ್ಪ ಕಲ್ಲುಗೋಡೆ ಕಟ್ಟುತ್ತಿದ್ದವರು. ಮಳೆ ಹಿಡಿಯಿತೆಂದರೆ ಅರ್ಧ ಎದ್ದ ಗೋಡೆಗೆ ಹುಲ್ಲು ಹೊದಿಸಿ ಬಿಡುವರು. ಮಳೆ ನಿಂತಮೇಲೆ ಬೇರೆ ಆಳು, ಬೇರೆ ಹೊಳೆಯ ಮರಳು. ಬಿಟ್ಟು ಹಿಡಿದ ಕೆಲಸ ಎಲ್ಲಿಯದು ಎಂದು ಮಗನ ಬೆರಳು ಹಿಡಿದು ತೋರಿಸುತ್ತಿದ್ದರು. ವೇಲ್ಸಿನಲ್ಲಿ ಮಳೆಯ ಜಾಗದಲ್ಲಿ ಚಳಿ, ಅಷ್ಟೇ. ಹಿಮ ಬಿದ್ದರೆ ಹಸಿ ಸುಣ್ಣದ ಗಾರೆ ಉದುರಿಹೋಗುತ್ತದೆ. ಗೋಡೆಯ ತಲೆಗೆ ಹುಲ್ಲು ಹೊದಿಸಿ, ವಸಂತ ಬರಲಿ ಎಂದು ಆಳುಗಳು ಊರಿಗೆ ಹೋಗಿರಬೇಕು.

ಅಲ್ಲಿ ಕೋಟೆಯ ಉಸ್ತುವಾರಿ ಜೆನಿಫರ್ ಎಂಬಾಕೆಯದು. ಆಕೆಗೆ ಒಂದು ಮೇಲ್ ಬರೆಯಲೇ ಎಂದು ಚಿದಾನಂದ ಕೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ರಾಯ್ಸ್ಟನ್ ತಲೆ ಕೆರೆದುಕೊಂಡು, ಉತ್ತರ ಬರಲು ಒಂದು ವಾರ ಕೊಟ್ಟ.

ಬರೆದದ್ದು ಆರೇ ಸಾಲು. ಗೆರೆಯ ಮೇಲಿನ ಗಾರೆ, ಕೆಳಗಿನ ಗಾರೆ ಎರಡನ್ನೂ ದಯವಿಟ್ಟು ಮುಟ್ಟಿ ನೋಡಿ.

ಆ ಭಾನುವಾರ ಬಹಳ ಉದ್ದವಾಗಿತ್ತು. ಒಂದು ಪಾವು ಅಕ್ಕಿ ಬೇಯಿಸಿದರು, ಅರ್ಧ ಉಳಿಯಿತು. ಕಿಟಕಿಯಲ್ಲಿ ನಿಂತು ಎದುರುಮನೆಯ ಗೋಡೆಯ ಕಲ್ಲೆಣಿಸಿದರು.

ಗುರುವಾರ ಉತ್ತರ ಬಂತು. ಜೆನಿಫರ್ ಏಣಿ ಹಾಕಿಸಿ ತಾನೇ ಹತ್ತಿದ್ದಳು. ಕೆಳಗಿನ ಗಾರೆಯಲ್ಲಿ ಕಡಲ ಚಿಪ್ಪಿನ ಚೂರು, ಮೇಲಿನದರಲ್ಲಿ ಒಂದೂ ಇಲ್ಲ; ಮರಳೇ ಬೇರೆ. ಗೆರೆ ನಿಜ. ಒಂದು ಬುರುಜಿನ ಕೆಲಸವನ್ನು ಚಳಿ ನಿಲ್ಲಿಸಿದ್ದರೆ ಉಳಿದ ಏಳನ್ನೂ ನಿಲ್ಲಿಸಿರಬೇಕು; ಕಲ್ಲನ್ನು ಯಂತ್ರ ಬರೆಯಲಿ, ಗೆರೆಯನ್ನು ನೀವೇ ಹುಡುಕಿಕೊಡಿ ಎಂದಿದ್ದಳು.

ರಾಯ್ಸ್ಟನ್ ಎರಡು ಸಲ ಓದಿದ. “ಟೈಲ್ಸಿಗೆ ಬೇರೆ ಜನ ನೋಡ್ಬೇಕಾಯ್ತಲ್ಲ ಮಾರಾಯ್ರೆ,” ಎಂದು ಹೆಗಲು ತಟ್ಟಿ ಮೀಟಿಂಗಿಗೆ ಹೊರಟುಹೋದ. ಚಿದಾನಂದ ಸುತ್ತ ನೋಡಿದರು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್.

ಎರಡನೆಯ ಬುರುಜಿನಲ್ಲಿ ಹತ್ತು ದಿನ ಹುಡುಕಿದರೂ ಗೆರೆ ಸಿಗಲಿಲ್ಲ. ಮೂರನೆಯದರಲ್ಲಿ ಸಿಕ್ಕಿತು, ನೆಲದಿಂದ ಮೊಣಕಾಲೆತ್ತರದಲ್ಲಿ. ಆಗತಾನೇ ಶುರುಮಾಡಿದ್ದರು ಪಾಪ.

“ಇಷ್ಟರಲ್ಲೇ ಚಳಿ ಬಂತೇನ್ರಪ್ಪಾ?” ಎಂದರು ಪರದೆಗೆ.

ಪಕ್ಕದ ಮೇಜಿನಾಕೆ ಇಯರ್‌ಫೋನ್ ತೆಗೆದು, ನನಗೇನಾದರೂ ಅಂದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಏನಿಲ್ಲವೆಂದು ಕೈಯಾಡಿಸಿದ ಚಿದಾನಂದ, ಆಕೆ ಅತ್ತ ತಿರುಗಿದಮೇಲೆ ಕೆಂಪು ಗೆರೆ ಎಳೆದರು.