ಅಮ್ಮನ ಮುಡಿಪು, ಅಪ್ಪನ ಜರ್ಮನ್ ನಾಣ್ಯ

ನನ್ನ ಅಪ್ಪ ಹಡಗಿನ ಅಡುಗೆಯವರು. ಮುಂಬೈಯ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು ಹೇಗೋ ಸರಕಿನ ಹಡಗು ಹತ್ತಿ ಜರ್ಮನಿಯ ಬಂದರುಗಳಿಗೆ ಹೋಗಿ ಬಂದರು. ತಂದದ್ದು ಚಿನ್ನವಲ್ಲ, ಒಂದು ಬಿಸ್ಕತ್ತಿನ ಡಬ್ಬಿ ತುಂಬ ಚಿಲ್ಲರೆ. ಅವರು ತೀರಿಹೋಗಿ ವರ್ಷಗಳಾದವು. ಆ ನಾಣ್ಯಗಳು ಈಗ ಆ ದೇಶದಲ್ಲೇ ನಡೆಯುವುದಿಲ್ಲ. ಡಬ್ಬಿ ಮಾತ್ರ ಬ್ರಹ್ಮಾವರದ ನನ್ನ ಹೋಟೆಲಿನ ಗಲ್ಲಾದ ಕೆಳಗೆ ಭದ್ರವಾಗಿದೆ.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ನಾನು ಭೂತಗನ್ನಡಿ ಹಿಡಿದು ಕೂರುತ್ತೇನೆ. ಆಗ ಯಾರಾದರೂ ಚಹಾ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗಿರಾಕಿ ಬಂದರೆ ಸಿಟ್ಟಾಗುವ ಹೋಟೆಲಿನವನು ಈ ಹೆದ್ದಾರಿಯಲ್ಲಿ ನಾನೊಬ್ಬನೇ ಇರಬೇಕು.

ಡಬ್ಬಿಯಲ್ಲಿ ಐವತ್ತು ಫೆನಿಗ್‌ನ ನಾಣ್ಯಗಳು ಒಂದಷ್ಟಿವೆ. ಅಲ್ಲಿಯ ಐವತ್ತು ಪೈಸೆ ಎನ್ನಿ. ಅದರ ಮೇಲೆ ತಲೆಗೆ ಬಟ್ಟೆ ಕಟ್ಟಿ, ಮಂಡಿಯೂರಿ ಓಕ್ ಗಿಡ ನೆಡುತ್ತಿರುವ ಹೆಂಗಸು. ಯುದ್ಧದಲ್ಲಿ ಹಾಳಾದ ನಾಡನ್ನು ಮತ್ತೆ ನೆಟ್ಟು ಬೆಳೆಸುವವಳು. ಎಲ್ಲವೂ ಒಂದೇ ತರ ಕಾಣುತ್ತವೆ, ಒಂದೇ ಅಲ್ಲ. ಯುದ್ಧ ಮುಗಿದ ಹೊಸತರಲ್ಲಿ ಅಂಚಿನ ಸುತ್ತ ಬ್ಯಾಂಕಿನ ಹೆಸರಿತ್ತು. ಆಮೇಲೆ ಗಣರಾಜ್ಯದ ಹೆಸರು ಬಂತು. ನಾಣ್ಯ ಅಚ್ಚು ಹಾಕುವ ಒಂದೊಂದು ಟಂಕಸಾಲೆಗೆ ಒಂದೊಂದು ಪುಟ್ಟ ಅಕ್ಷರವೂ ಇದೆ. 'ಜಿ' ಅಕ್ಷರದ ಟಂಕಸಾಲೆಯಲ್ಲಿ ಮಾತ್ರ ಇಸವಿ 1950ಕ್ಕೆ ಬಂದರೂ ಕೆಲವು ನಾಣ್ಯಗಳಲ್ಲಿ ಬ್ಯಾಂಕಿನ ಹಳೇ ಹೆಸರೇ ಉಳಿಯಿತು. ಹೆಸರು, ಇಸವಿ, ಅಕ್ಷರ ಮೂರೂ ಕೂಡಿದರೆ ಅದು ಅಪರೂಪದ್ದು. ನಮ್ಮ ಡಬ್ಬಿಯಲ್ಲಿ ಅಂಥದ್ದೊಂದು ಸಿಕ್ಕಿದ ದಿನ ನಾನು ಹೋಟೆಲಿನಲ್ಲಿದ್ದವರಿಗೆಲ್ಲ ಗೋಳಿಬಜೆ ಬಿಟ್ಟಿ ಹಂಚಿದೆ.

ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ಅಮ್ಮನ ಹತ್ತಿರವೂ ಐವತ್ತು ಫೆನಿಗ್‌ನ ಒಂದು ನಾಣ್ಯವಿತ್ತು. ಅಪ್ಪ ಅದನ್ನು ಕೈಗಿಡುತ್ತ, "ಹ್ವಾಯ್, ಕಾಣ್, ಇದ್ ನೀನೇ. ಕೆರಾಡಿ ಗದ್ದೆಗೆ ನೆಟ್ಟಿ ಮಾಡುದನ್ನ ಯಾರೋ ಕಂಡಿರ್" ಎಂದಿದ್ದರಂತೆ. ಕೆರಾಡಿ ಅಮ್ಮನ ತವರು. ನಮ್ಮಲ್ಲಿ ಯಾರೂ ಮಂಡಿಯೂರಿ ಭತ್ತದ ಸಸಿ ನೆಡುವುದಿಲ್ಲ, ಕೆಸರಿನಲ್ಲಿ ಹೂತುಹೋದಾರು. ಅದನ್ನು ಹೇಳಿದರೆ ಅಮ್ಮ ಕೇಳಬೇಕಲ್ಲ.

ಒಂದು ಮಳೆಗಾಲ ಅಪ್ಪನ ಹಡಗಿನ ಸುದ್ದಿಯೇ ಇರಲಿಲ್ಲ. ಅಮ್ಮ ಕೋಡಿಯ ದಂಡೆಗೆ ಹೋಗಿ ಕಡಲು ನೋಡಿ ಬಂದಳು, ಅಲ್ಲಿಂದ ಜರ್ಮನಿ ಕಾಣುವುದೇನೋ ಎಂಬಂತೆ. ಆಮೇಲೆ ಆ ನಾಣ್ಯವನ್ನು ಅರಶಿನ ಬಟ್ಟೆಯಲ್ಲಿ ಕಟ್ಟಿ ತವರಿನ ದೇವಿಗೆ ಮುಡಿಪಿಟ್ಟಳು. ಗಂಡ ಜೀವಂತ ಬಂದರೆ ಇದು ನಿನ್ನ ಹುಂಡಿಗೆ ಎಂದು ಹರಕೆ. ಅಪ್ಪ ಬಂದರು. ಮುಡಿಪು ಮಾತ್ರ ದೇವರ ಪಟದ ಹಿಂದೆಯೇ ಉಳಿಯಿತು.

ಕಳೆದ ಮಳೆಗಾಲ ಜಾರಿ ಬಿದ್ದ ಮೇಲೆ ಅಮ್ಮನಿಗೆ ಒಂದೇ ಚಿಂತೆ. ದೇವರ ಸಾಲ ಉಳಿಸಿಕೊಂಡು ಸಾಯುವುದು ಹೇಗೆ? ಕೆರಾಡಿಗೆ ಹೋಗೋಣ ಎಂದರೆ "ಇವತ್ತ್ ಬ್ಯಾಡ" ಎನ್ನುತ್ತಿದ್ದಳು. ನನಗೆ ರೇಗಿತು. "ಅದೆಷ್ಟ್ ಸಲ ಹೊರಡ್ಸುದ್ ನಿನ್ನ? ಎಂತ ಆಯ್ತ್ ನಿಂಗೆ?"

"ಕೊಡುಕೆ ಮನಸ್ ಬತ್ತಿಲ್ಲ ಮಗಾ," ಎಂದಳು ಮೆಲ್ಲಗೆ. "ಅವ್ರ್ ನಂಗೆ ಅಂತ ತಂದದ್ ಅದೊಂದೇ."

ನನ್ನ ಸಿಟ್ಟು ಇಳಿದುಹೋಯಿತು. ಮುಡಿಪು ಬಿಚ್ಚಿ ತೋರಿಸು ಎಂದೆ. ಜೇಬಿನಲ್ಲಿದ್ದ ಭೂತಗನ್ನಡಿಯಡಿ ನೋಡಿದೆ. ಗಣರಾಜ್ಯದ ಹೆಸರು, 'ಜೆ' ಅಕ್ಷರ. ತೀರ ಸಾಮಾನ್ಯದ್ದು. ಸಮಾಧಾನಕ್ಕೆಂದು, ಇಂಥವು ರಾಶಿ ರಾಶಿ ಇವೆ, ಡಬ್ಬಿಯಿಂದ ಬೇರೆ ಒಂದನ್ನು ದೇವರಿಗೆ ಕೊಡು, ಇದನ್ನು ನೀನೇ ಇಟ್ಟುಕೋ ಎಂದೆ. ಜಾಣನ ಹಾಗೆ, ಸದಾ ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ಅಪರೂಪದ್ದನ್ನೂ ತೋರಿಸಿ ಇಸವಿ, ಹೆಸರು, ಅಕ್ಷರ ಎಲ್ಲ ವಿವರಿಸಿದೆ.

ಅಮ್ಮ ಕಿವಿಗೊಟ್ಟು ಕೇಳಿದಳು. "ಹರ್ಕಿ ಬದ್ಲ್ ಮಾಡ್ರೆ ತಪ್ಪುಕಾಣಿಕೆ ಸೇರ್ಸಿ ಕೊಡ್ಕ್. ಹೇಳ್ದದ್ದಕ್ಕಿಂತ ಹೆಚ್ಚಿಂದ್ ಆಯ್ಕ್," ಎಂದವಳು ನನ್ನ ಬೆರಳ ತುದಿಯಲ್ಲಿದ್ದ ಆ ಅಪರೂಪದ ನಾಣ್ಯವನ್ನೇ ನೋಡಿದಳು. "ಅದ್ ಹೆಚ್ಚಿಂದ್ ಅಲ್ದಾ?"

ಬಾಯಿ ಬಿಟ್ಟು ಕೆಟ್ಟೆ. ಹುಂಡಿ ಎಣಿಸುವವರು ಅದನ್ನು ನಡೆಯದ ನಾಣ್ಯವೆಂದು ಮೂಲೆಗೆ ಎಸೆಯುತ್ತಾರೆ ಎಂದೆ. "ಅದ್ ಅವ್ರ ಕೆಲ್ಸ," ಎಂದಳು. ಅಪರೂಪದ್ದನ್ನು ಮತ್ತೆ ಜೇಬಿಗೆ ಸೇರಿಸಿದೆ. ಅವಳು ಮುಡಿಪನ್ನು ಮತ್ತೆ ಕಟ್ಟಿ ಪಟದ ಹಿಂದೆ ಇಟ್ಟಳು, ಊಟ ಕಡಿಮೆ ಮಾಡಿದಳು. ಅದನ್ನು ನೋಡಲಾಗಲಿಲ್ಲ ನನಗೆ. ಅಪರೂಪದ್ದೂ ಅಪ್ಪನದೇ, ಹರಕೆಯೂ ಅಪ್ಪನ ಸಲುವಾಗಿಯೇ. ನಡುವೆ ನನ್ನದೇನು?

ಕೆರಾಡಿಗೆ ಕಾರಿನಲ್ಲಿ ಕರೆದೊಯ್ದೆ. ಅಮ್ಮ ಮುಡಿಪನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅಪರೂಪದ್ದನ್ನು ನನ್ನ ಕೈಯಿಂದಲೇ ಹುಂಡಿಗೆ ಹಾಕಿಸಿದಳು. ಹುಂಡಿಯ ಬಾಯಲ್ಲಿ ಒಮ್ಮೆ ಇಣುಕಿದೆ, ಸುಳ್ಳು ಹೇಳುವುದಿಲ್ಲ. ಅಮ್ಮ ಮಾತ್ರ ಕೈಮುಗಿದು, ಎಷ್ಟೋ ವರ್ಷದ ಭಾರ ಇಳಿಸಿದವಳಂತೆ ಉಸಿರು ಬಿಟ್ಟಳು.

ಕಾರಿನಲ್ಲಿ ಕೂತ ಮೇಲೆ ಅರಶಿನ ಬಟ್ಟೆ ಬಿಚ್ಚಿ, "ಗ್ಲಾಸ್ ಕೊಡ್ ಕಾಂಬ," ಎಂದು ನನ್ನ ಭೂತಗನ್ನಡಿಗೆ ಕೈಚಾಚಿದಳು. ನಾಣ್ಯದ ಆ ಹೆಂಗಸಿನ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ. ತುಂಬ ಹೊತ್ತು ನೋಡಿದಳು.

"ಅವ್ರ್ ಹೇಳ್ದದ್ ಬರೀ ಸುಳ್ಳ್," ಎಂದಳು. "ನನ್ನ ಮೋರಿ ಹಿಂಗಿತ್ತಾ?"

ಹಾಗೆನ್ನುತ್ತ ನಾಣ್ಯವನ್ನು ಸೆರಗಿನ ತುದಿಯಲ್ಲಿ ಕಟ್ಟಿ, ಬಿಗಿಯಾಯಿತೇ ಎಂದು ಎಳೆದು ನೋಡಿ, ಮೇಲೆ ಇನ್ನೊಂದು ಗಂಟು ಹಾಕಿದಳು.