ಬಯ್ಯಪ್ಪನ ಬಾವಿಗೆ ಬಂದ ಪೆಟ್ರೋಲ್ ಪರೀಕ್ಷೆ

ನಮ್ಮ ಕೆಂಚಾರ್ಲಹಳ್ಳಿ ಕಡೆ ಬೋರ್ ಕೊರೆಸುವವರೆಲ್ಲ ಮೊದಲು ಬಯ್ಯಪ್ಪನ ಮನೆಗೆ ಬರುತ್ತಾರೆ. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಲೆಕ್ಕ. ನೀರು ಬಂದರೆ ಬಯ್ಯಪ್ಪನ ಕೈಗುಣ. ಬರದಿದ್ದರೆ ಬೋರ್ ಲಾರಿಯವನು ಸರಿಯಾಗಿ ಕೊರೆಯಲಿಲ್ಲ. ನನ್ನ ಹೊಲದಲ್ಲಿ ಸಾವಿರದಿನ್ನೂರು ಅಡಿಯವರೆಗೂ ಬರೀ ಧೂಳು ಹಾರಿಸಿದ ಪುಣ್ಯಾತ್ಮ ಇವನೇ. ಆ ವಿಷಯ ಈಗ ಬೇಡ, ತಲೆ ಬಿಸಿಯಾಗುತ್ತದೆ.

ಅವನ ಹಿತ್ತಲಲ್ಲಿ ಅವರಪ್ಪ ತೋಡಿದ ಕಲ್ಲುಕಟ್ಟಡದ ಬಾವಿ ಇದೆ. ನನಗೆ ಮೀಸೆ ಬಂದಾಗಿನಿಂದ ಅದು ಒಣಗಿಯೇ ಇತ್ತು. ಈಚೆಗೆ ಕೆರೆ ತುಂಬಿದ ಮೇಲೆ ಅದರಲ್ಲೂ ನೀರು ಬಂತು. ಬಯ್ಯಪ್ಪನ ನಡಿಗೆಯೇ ಬದಲಾಯಿತು. ಊರಿನ ನೀರೆಲ್ಲ ತಾನೇ ಹೆತ್ತವನ ಹಾಗೆ ಎದೆ ಮುಂದೆ ಮಾಡಿಕೊಂಡು ಓಡಾಡಿದ.

ಆದರೆ ನೀರಿನಲ್ಲಿ ಪೆಟ್ರೋಲ್ ವಾಸನೆ. ಅವನ ಹೆಂಡತಿ ಪೆದ್ದಮ್ಮ ಒಂದು ದಿನ ಲೋಟ ಕುಕ್ಕಿ ಕೇಳಿದಳು, "ಇದೇನು ಟೀನಾ, ಲಾರಿಗೆ ಹಾಕೋದಾ?"

"ಹೊಸ ನೀರು ಕಣೇ. ಹಂಗೇ ಇರ್ತದೆ."

"ಹೊಸ ನೀರಂತೆ! ಒಲೆ ಹತ್ರ ಇಟ್ರೆ ನನ್ ಸೀರೆ ಹತ್ಕೊಂತದೆ."

ವಿಷಯ ಏನೆಂದರೆ, ಬಾವಿಯ ಪಕ್ಕದ ಗೋಡೆಯಾಚೆ ಮೊದಲು ಒಂದು ಪೆಟ್ರೋಲ್ ಬಂಕ್ ಇತ್ತು. ಅದು ಮುಚ್ಚಿ ಬಹಳ ವರ್ಷಗಳಾಗಿವೆ. ಮೇಲಿದ್ದದ್ದನ್ನೆಲ್ಲ ಕಿತ್ತುಕೊಂಡು ಹೋದ ಧಣಿ ನೆಲದೊಳಗಿನ ಟ್ಯಾಂಕನ್ನು ಅಲ್ಲೇ ಬಿಟ್ಟಿದ್ದ. ಇಂಥವರನ್ನು ಅದೇ ಟ್ಯಾಂಕಿನೊಳಗೆ ಕೂರಿಸಬೇಕು. ಪೆದ್ದಮ್ಮ ಗಂಡನಿಗೆ ಹೇಳದೆ ಮಾಲಿನ್ಯ ನಿಯಂತ್ರಣದ ಕಚೇರಿಗೆ ಫೋನ್ ಮಾಡಿದಳು. ಅಲ್ಲಿಂದ ಮಣ್ಣು, ನೀರು ಪರೀಕ್ಷೆ ಮಾಡುವ ಕವಿತ ಎನ್ನುವ ಹುಡುಗಿ ಚಿಕ್ಕಬಳ್ಳಾಪುರದಿಂದ ಸಣ್ಣ ಬೋರ್ ಗಾಡಿ ತಂದಳು.

ಟ್ಯಾಂಕಿನ ಪಕ್ಕ ಒಂದು ತೂತು, ಬಾವಿಯ ಪಕ್ಕ ಒಂದು ತೂತು. ಮೂವತ್ತು ಅಡಿಗೇ ಗಾಡಿ ನಿಲ್ಲಿಸಿದರು. ಬಯ್ಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏಮಮ್ಮಾ, ಮೂವತ್ತಡಿಗೆ ಇಲಿ ಬಿಲ ಆಗ್ತದೆ, ಬೋರ್ ಆಗ್ತದಾ? ನನ್ ಒಂದ್ ಮಾತು ಕೇಳಿದ್ರೆ ಪಾಯಿಂಟ್ ತೋರಿಸ್ತಿರಲಿಲ್ವಾ?"

"ತಾತ, ನಾನು ನೀರು ಹುಡುಕ್ತಿಲ್ಲ. ನೀರಲ್ಲಿ ಪೆಟ್ರೋಲ್ ಎಷ್ಟೈತೆ ಅಂತ ನೋಡ್ತಿದೀನಿ. ಪೆಟ್ರೋಲ್ ಮೇಲೇ ತೇಲ್ತದೆ, ಆಳಕ್ಕೆ ಯಾಕೆ ಹೋಗಣ?"

"ಜಾಸ್ತಿ ಐತೆ ಅಂದ್ರೆ?"

"ಬಾವಿ ಮೇಲೆ ಚಪ್ಪಡಿ ಹಾಕಿ ಮುಚ್ಚಬೇಕಾಗ್ತದೆ."

ಬಯ್ಯಪ್ಪನ ನಗು ಅಲ್ಲಿಗೆ ನಿಂತಿತು. ಕವಿತ ಎರಡು ತೂತಿಗೂ ಪ್ಲಾಸ್ಟಿಕ್ ಪೈಪು ಇಳಿಸಿ, ಮುಚ್ಚಳ ಹಾಕಿ, "ಕೆಸರು ಕೂರಲಿ, ಬಂದು ನೀರು ತಗೊಂತೀನಿ. ಯಾರೂ ಮುಟ್ಟಬೇಡಿ" ಎಂದು ಹೇಳಿ ಹೋದಳು.

ಅವಳು ಮತ್ತೆ ಬಂದಾಗ ನಾನೂ ಅಲ್ಲೇ ಇದ್ದೆ. ಬಾವಿಯ ಪಕ್ಕದ ಪೈಪಿನೊಳಗೆ ಹಗ್ಗ ಕಟ್ಟಿದ ಉದ್ದನೆಯ ಕೊಳವೆ ಇಳಿಸಿ ಮೇಲೆ ಎಳೆದಳು. ಒಳಗೆ ಗಟ್ಟಿ ಹಳದಿ ನೀರು. ಮೇಲೆ ಬೆರಳು ದಪ್ಪ ಎಣ್ಣೆ. ಎಣ್ಣೆ ಮೇಲೆ ಒಂದು ಕನಕಾಂಬರ.

ಕವಿತ ಆ ಹೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದು ಯಾವ ಬಂಕಲ್ಲಿ ಸಿಗ್ತದೆ ತಾತ?"

ಬಯ್ಯಪ್ಪ ಆಕಾಶ ನೋಡಿದ. ಪೆದ್ದಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅದಕ್ಕೇನಾ ನನ್ ದೀಪದ ಎಣ್ಣೆ ಬಾಟ್ಲಿ ಖಾಲಿಯಾಗಿದ್ದು?"

ಆಮೇಲೆ ಬಾಯಿ ಬಿಟ್ಟ. ಬೋರ್ ಕೊರೆದ ಮೇಲೆ ಗಂಗಮ್ಮನಿಗೆ ಪೂಜೆ ಮಾಡದೆ ಬಿಡುವುದು ಉಂಟೇ? ಅವನು ಕಂಡ ಬೋರಿಗೆಲ್ಲ ಪೂಜೆಯಾಗಿದೆ. ಅದಕ್ಕೇ ಬಾವಿ ಪಕ್ಕದ ಈ ಪೈಪಿನ ಮುಚ್ಚಳ ತೆಗೆದು ಹಾಲು, ಹೂವು, ಕುಂಕುಮ ಬಿಟ್ಟಿದ್ದಾನೆ. ವಿಷ ಮುರಿಯಲಿ ಎಂದು ಒಂದು ಪೊಟ್ಟಣ ಅರಿಶಿನ. ಕೊನೆಗೆ, ತಾಯಿ ತಂಪಾಗಲಿ ಎಂದು ಬಾಟಲಿ ಹರಳೆಣ್ಣೆ.

"ಅಲ್ಲಯ್ಯಾ, ಎಣ್ಣೆ ಐತಾ ಅಂತ ನೋಡೋ ಪೈಪಿಗೆ ನೀನೇ ಎಣ್ಣೆ ಹುಯ್ತೀಯಾ?" ಎಂದು ನಾನು ಕೂಗಿದೆ. "ನಿನ್ ತಲೆಗೆ ಹುಯ್ಕೊಂಡಿದ್ರೆ ಅದಾದ್ರೂ ತಣ್ಣಗಾಗ್ತಿತ್ತು!"

"ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೋ. ನಮ್ಮಪ್ಪ ಕೈಯಾರೆ ತೋಡಿದ ಬಾವಿ. ಮುಚ್ಚಿಬಿಟ್ರೆ?" ಅವನ ದನಿ ಸಣ್ಣಗಾಗಿತ್ತು. ನನಗೆ ಇನ್ನೂ ನಾಲ್ಕು ಮಾತು ಬಾಯಿಗೆ ಬಂದಿದ್ದವು, ನುಂಗಿಕೊಂಡೆ.

ಕವಿತ ಬಯ್ಯಲಿಲ್ಲ, ಪೈಪು ತೊಳೆಯಲು ಕುಳಿತಳು. ಸಣ್ಣ ಮೋಟಾರ್ ಇಟ್ಟು ನೀರು ಎತ್ತಿದಷ್ಟೂ ಹಳದಿ. ಪೆದ್ದಮ್ಮನ ಕೋಳಿಗಳ ಕಾಲೆಲ್ಲ ಹಳದಿಯಾಗಿ, ಮದುವೆಗೆ ಹೊರಟ ಹಾಗೆ ಕಂಡವು. ಕಡೆಗೆ ಕವಿತ ಕೈ ಚೆಲ್ಲಿ, "ಇದು ಆಗಲ್ಲ ತಾತ" ಎಂದು ಪಕ್ಕದಲ್ಲೇ ಹೊಸದಾಗಿ ಕೊರೆಸಿದಳು. ಈ ಸಲ ಮುಚ್ಚಳಕ್ಕೆ ಬೀಗ ಜಡಿದಳು. ಬಯ್ಯಪ್ಪ ದೂರದಿಂದಲೇ ಕೈ ಮುಗಿದ. ಪೆದ್ದಮ್ಮ ಅರಿಶಿನದ ಡಬ್ಬಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳಂತೆ.

ಟ್ಯಾಂಕಿನ ಪಕ್ಕದ ತೂತಿನ ಮಣ್ಣೂ ನೀರೂ, ಹೊಸ ಪೈಪಿನ ನೀರೂ, ಬಾವಿಯ ನೀರೂ ಪರೀಕ್ಷೆಗೆ ಹೋದವು. ಫಲಿತಾಂಶ ಬಂದ ದಿನ ಕವಿತಳೇ ಬಂದು ಹೇಳಿದಳು. ಟ್ಯಾಂಕಿನ ಕೆಳಗಿನ ಮಣ್ಣೆಲ್ಲ ಕೆಟ್ಟಿದೆ. ಧಣಿಯಿಂದಲೇ ಟ್ಯಾಂಕನ್ನೂ ಆ ಮಣ್ಣನ್ನೂ ತೆಗೆಸುತ್ತಾರೆ. ಬಾವಿಗೆ ಸೇರಿರುವುದು ಸ್ವಲ್ಪ.

"ಮುಚ್ತೀರಾ?" ಬಯ್ಯಪ್ಪನಿಗೆ ಬೇಕಿದ್ದದ್ದು ಇಷ್ಟೇ.

"ಮುಚ್ಚಲ್ಲ ತಾತ. ಆದ್ರೆ ಮಣ್ಣು ತೆಗೆದು ಮತ್ತೆ ಪರೀಕ್ಷೆ ಮಾಡೋವರೆಗೂ ಕುಡಿಯಂಗಿಲ್ಲ, ಅಡುಗೆಗಿಲ್ಲ, ದನಕ್ಕಿಲ್ಲ, ಗಿಡಕ್ಕೂ ಇಲ್ಲ."

"ಮತ್ತೆ ಆ ನೀರು ಇಟ್ಕೊಂಡು ಏನ್ ಮಾಡ್ತೀಯಾ?" ಎಂದಳು ಪೆದ್ದಮ್ಮ.

"ನೋಡ್ತೀನಿ ಕಣೇ! ನೋಡಂಗಿಲ್ಲ ಅಂದ್ಳಾ ಆವಮ್ಮ?"

ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಬಾವಿಯ ಕಟ್ಟೆಯ ಪಕ್ಕ ಹಾಕಿದ. ಕಾಲ ಮೇಲೆ ಕಾಲು ಹಾಕಿ ಕುಳಿತು ನೀರು ನೋಡಿದ. ನೋಡುತ್ತಾ ನೋಡುತ್ತಾ ಖುಷಿ ಹೆಚ್ಚಾಗಿ, ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗಿಟ್ಟು, ಬೆಂಕಿಪೊಟ್ಟಣಕ್ಕೆ ಜೇಬು ತಡಕಾಡಿದ. ನಾನು ಓಡಿಹೋಗಿ ಬೀಡಿ ಕಿತ್ತು ಗೋಡೆಯಾಚೆಗೆ ಎಸೆದು, ಬಾಯಿಗೆ ಬಂದಂತೆ ಬೈದೆ. ಅವನು ನೀರಿನಿಂದ ಕಣ್ಣು ಕೀಳಲೇ ಇಲ್ಲ.